ಹಕಾರ ಬಿಟ್ಟವರ ಭಾಷೆ

ಹೋದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಎಸ್ಸೆಸ್ಸೆಲ್ಸಿ ಮುಗಿದಿದೆ, ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. "ಅಕ್ಕಾ, ಸೆಕೆಂಡ್ ಲ್ಯಾಂಗ್ವೇಜ್ ಫ್ರೆಂಚ್ ತಗೊಳ್ಳಲಾ? ಸ್ಕೋರಿಂಗ್ ಅಂತೆ. ನೀನೂ ಅದನ್ನೇ ತಗೊಂಡು ಫ್ರಾನ್ಸಿಗೇ ಹೋಗಿಬಂದ್ಯಲ್ಲ" ಅಂದಳು. ನಾಳೆ ಹೇಳ್ತೀನಿ ಅಂತ ಫೋನ್ ಇಟ್ಟೆ. ಆ ನಾಳೆ ಕಳೆದು ಒಂದು ವಾರವಾಯಿತು. ಅವಳಿಗೆ ಹೇಳಬೇಕಾದ್ದು ಹೌದು, ಅಲ್ಲ ಅಂತ ಮುಗಿಸುವ ಮಾತಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬಿಡುವಿದ್ದಾಗ ಓದಿ.

ನಮ್ಮೂರು ಪಾಂಡವಪುರ. ಹೈದರಾಲಿ, ಟಿಪ್ಪು ಕಾಲದಲ್ಲಿ ಅವರ ಪಾಳೆಯದಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಹತ್ತಿರ ಬೀಡುಬಿಟ್ಟಿದ್ದರು. ಹಾಗಾಗಿ ಹಿರೋಡೆ ಅನ್ನುವ ಊರು ಬ್ರಿಟಿಷರ ಕಾಗದಪತ್ರಗಳಲ್ಲಿ ‘ಫ್ರೆಂಚ್ ರಾಕ್ಸ್’ ಆಯಿತು. ನಮ್ಮ ತಾತ ಕೊನೇವರೆಗೂ "ಪ್ರೆಂಚ್ ರಾಕ್ಸು" ಅಂತಲೇ ಅನ್ನುತ್ತಿದ್ದರು. ಆ ಹೆಸರಿನ ಸೆಳೆತಕ್ಕೆ ಫ್ರೆಂಚ್ ಕಲಿತೆ ಅಂತ ಬರೆದರೆ ಸುಳ್ಳಾಗುತ್ತದೆ. ನಾನು ಕಲಿತದ್ದು ಅಂಕಕ್ಕೆ.

ಪಿಯುಸಿಯಲ್ಲಿ ಫ್ರೆಂಚಿಗೆ 98 ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು. ಆ 98 ಬಂದದ್ದು ಹೀಗೆ: ಕ್ರಿಯಾಪದದ ರೂಪಗಳನ್ನು ಮಗ್ಗಿಯಂತೆ ಉರು ಹೊಡೆದಿದ್ದೆ, ಬಿಟ್ಟ ಸ್ಥಳ ತುಂಬುವುದನ್ನು ಪಳಗಿಸಿಕೊಂಡಿದ್ದೆ, ಪಾಠದ ಕೊನೆಯ ಪ್ರಶ್ನೆಗಳಿಗೆ ನೋಟ್ಸಿನ ಉತ್ತರ ಇಳಿಸುತ್ತಿದ್ದೆ, ಒಂದು ಪ್ಯಾರಾವನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೆ. ಎರಡು ವರ್ಷದಲ್ಲಿ ಒಬ್ಬರೊಡನೆಯೂ ಐದು ನಿಮಿಷ ಫ್ರೆಂಚ್ ಮಾತಾಡಿರಲಿಲ್ಲ, ಇನ್ನೊಬ್ಬರು ಮಾತಾಡುವುದನ್ನು ಕೇಳಿಸಿಕೊಂಡೂ ಇರಲಿಲ್ಲ. ಡಿಗ್ರಿಯಲ್ಲೂ ಅದೇ ಮುಂದುವರಿಯಿತು. ಕಲಿಸಿದವರ ಮೇಲೆ ನನಗೆ ದೂರಿಲ್ಲ. ಅಂಕಕ್ಕಾಗಿಯೇ ಬಂದು ಕೂತ ಮಕ್ಕಳಿಗೆ ಅವರು ಅಂಕ ಕೊಡಿಸಿದರು.

ಅದೇ ವರ್ಷಗಳಲ್ಲಿ ಇನ್ನೊಂದು ಪಾಠವೂ ನಡೆಯುತ್ತಿತ್ತು. ನಾನು ಬಾಯಿ ತೆರೆದರೆ ಸಾಕು, ಮಂಡ್ಯದವಳು ಅಂತ ಗೊತ್ತಾಗಿಬಿಡುತ್ತಿತ್ತು. ನಮ್ಮ ಕಡೆ ಹಾಲು ‘ಆಲು’, ಹೋಗು ‘ಓಗು’, ಹಾಸನ ‘ಆಸನ’. "ಎಲ್ಲಿ, ಒಂದ್ಸಲ ಅಕ್ಕಿ ಅನ್ನು, ಹಕ್ಕಿ ಅನ್ನು" ಅಂತ ಹಾಸ್ಟೆಲ್ಲಿನ ಹುಡುಗಿಯರು ಸುತ್ತ ಕೂತು ಹೇಳಿಸುತ್ತಿದ್ದರು. ಅವರಿಗೆ ಅದು ಆಟ. ನಾನು ರಾತ್ರಿ ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುವವರೆಗೆ ಹ, ಹಾ, ಹಿ ಅಂತ ಅಭ್ಯಾಸ ಮಾಡಿದೆ. ಮೂರು ತಿಂಗಳಿಗೆ ಹಕಾರ ಬಂತು. ರಜಕ್ಕೆ ಊರಿಗೆ ಹೋದಾಗ ಅವ್ವ "ಇದೇನವ್ವಾ, ಟೀವಿಯೋರಂಗೆ ಮಾತಾಡ್ತೀಯ" ಅಂದಳು.

ಫ್ರೆಂಚ್ ಕ್ಲಾಸಿನಲ್ಲಿ ಇದಕ್ಕೆ ತದ್ವಿರುದ್ಧ. ಫ್ರೆಂಚಿನಲ್ಲಿ ಎಚ್ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹೋಟೆಲ್ ಅವರಿಗೆ ‘ಓತೆಲ್’, ಆಸ್ಪತ್ರೆ ‘ಓಪಿತಾಲ್’. ವಿಕ್ಟರ್ ಹ್ಯೂಗೋ ಅವರ ಬಾಯಲ್ಲಿ ‘ವಿಕ್ತೋರ್ ಯುಗೋ’. ಉಳಿದವರೆಲ್ಲ ಹಕಾರ ಬಿಡಲು ತಿಣುಕುತ್ತಿದ್ದಾಗ ಕಲಿಸುವವರು ನನ್ನ ‘ಓತೆಲ್’ ಕೇಳಿ, ತುಂಬಾ ಚೆನ್ನಾಗಿದೆ ಅಂದರು. ಹಾಸ್ಟೆಲ್ಲಿನಲ್ಲಿ ನಗೆಪಾಟಲಾದದ್ದು ಮೂರನೇ ಪೀರಿಯಡ್ಡಿನಲ್ಲಿ ನಾಜೂಕು ಅನ್ನಿಸಿಕೊಂಡಿತು. ಎರಡನ್ನೂ ಒಟ್ಟಿಗಿಟ್ಟು ನೋಡುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ. ಅದು ಬಂದದ್ದು ವರ್ಷಗಳ ಮೇಲೆ, ಟುಲೂಸಿನಲ್ಲಿ.

ಟುಲೂಸ್ ಇರುವುದು ಫ್ರಾನ್ಸಿನ ನೈಋತ್ಯಕ್ಕೆ, ಗರೋನ್ ನದಿಯ ದಂಡೆಯಲ್ಲಿ. ಹಳೇ ಊರೆಲ್ಲ ಇಟ್ಟಿಗೆಯದು. ಸಂಜೆ ಬಿಸಿಲಿಗೆ ಗೋಡೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಅದಕ್ಕೇ ‘ಗುಲಾಬಿ ನಗರ’ ಅನ್ನುತ್ತಾರೆ. ಏರ್‌ಬಸ್ಸಿನ ತವರಾದ್ದರಿಂದ ಬ್ಲಾನ್ಯಾಕ್, ಕೊಲೊಮಿಯೆ ಕಡೆ ಬೆಂಗಳೂರಿನಿಂದ ಬಂದ ಎಂಜಿನಿಯರುಗಳ ಸಂಸಾರಗಳೂ ಇವೆ. ನಾನು 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಜಾಂ ಜೋರೆಸ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮೊದಲ ವರ್ಷ ವಿದೇಶಿಯರಿಗೆ ಫ್ರೆಂಚ್ ಕಲಿಸುವ ವಿಭಾಗದಲ್ಲಿ ಭಾಷೆಯ ಡಿಪ್ಲೊಮಾ, ಎರಡನೇ ವರ್ಷ ಭಾಷಾವಿಜ್ಞಾನದ ಸ್ನಾತಕೋತ್ತರ ತರಗತಿ.

ಮೊದಲ ಬೆಳಗ್ಗೆ ಬೇಕರಿಗೆ ಹೋಗಿ ನೇರವಾಗಿ "ಒಂದು ಪ್ಯಾಂ ಓ ಶೋಕೊಲಾ ಕೊಡಿ" ಅಂದೆ. ಅಂಗಡಿಯಾಕೆ ಕದಲಲಿಲ್ಲ. ನನ್ನ ಮುಖ ನೋಡಿ ನಿಧಾನವಾಗಿ "ಬೋಂಜೂರ್" (ನಮಸ್ಕಾರ) ಅಂದರು. ನಾನೂ ಬೋಂಜೂರ್ ಅಂದ ಮೇಲೆಯೇ ಕೈ ಮುಂದೆ ಬಂದದ್ದು. ಫ್ರಾನ್ಸಿನಲ್ಲಿ ಬೋಂಜೂರ್ ಅನ್ನದೆ ಮಾತಿಗಿಳಿಯುವುದು ನಮ್ಮಲ್ಲಿ ಚಪ್ಪಲಿ ಹಾಕಿಕೊಂಡೇ ನಡುಮನೆಗೆ ನಡೆದ ಹಾಗೆ. ಬಸ್ ಹತ್ತುವಾಗ ಡ್ರೈವರಿಗೂ ಬೋಂಜೂರ್, ಡಾಕ್ಟರ ಹತ್ತಿರ ಕಾಯುವ ಕೋಣೆಗೆ ಹೋದರೆ ಗುರುತಿಲ್ಲದ ಎಲ್ಲರಿಗೂ ಒಂದು ಬೋಂಜೂರ್. 98 ಅಂಕದ ಪುಸ್ತಕದ ಮೊದಲ ಪಾಠದಲ್ಲೇ ಈ ಪದ ಇತ್ತು. ಅದನ್ನು ಯಾವಾಗ ಅನ್ನಲೇಬೇಕು ಅನ್ನುವುದು ಇರಲಿಲ್ಲ. ಅಂದ ಹಾಗೆ, ನಾನು ಕೇಳಿದ ತಿಂಡಿಗೆ ಆ ಸೀಮೆಯಲ್ಲಿ ಬೇರೆ ಹೆಸರು. ಆಕೆ ಪೊಟ್ಟಣ ಕೊಡುತ್ತಾ "ಶೋಕೊಲಾತೀನ" ಅಂತ ತಿದ್ದಿದರು.

ತರಗತಿಯಲ್ಲಿ ಕೊಲಂಬಿಯಾ, ಕೊರಿಯಾ, ಇರಾನ್, ಜಪಾನ್ ಕಡೆಯವರಿದ್ದರು. ನಮ್ಮ ನಡುವೆ ಫ್ರೆಂಚ್ ಬಿಟ್ಟು ಬೇರೆ ಸಮಾನ ಭಾಷೆ ಇರಲಿಲ್ಲ. ಅದೇ ನಮ್ಮ ಭಾಗ್ಯ. ನನಗೆ ಅತಿ ಕಷ್ಟವಾದದ್ದು ಲಿಂಗ. ಕನ್ನಡದಲ್ಲಿ ಮನುಷ್ಯರು ಅವನು, ಅವಳು, ಮಿಕ್ಕದ್ದೆಲ್ಲ ಅದು. ಫ್ರೆಂಚಿನಲ್ಲಿ ‘ಅದು’ ಇಲ್ಲವೇ ಇಲ್ಲ. ಮೇಜು ಹೆಣ್ಣು, ಕುರ್ಚಿ ಹೆಣ್ಣು, ಸೋಫಾ ಗಂಡು. ಹಿಂದಿ ಮನೆಮಾತಿನ ಗೆಳತಿಗೆ ಇದು ಹೊಸದೆನಿಸಲಿಲ್ಲ, ನನಗೆ ಪ್ರತಿಯೊಂದು ವಸ್ತುವನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಯಿತು. ಆಮೇಲೆ ಅವರ ಪ್ರಬಂಧ. ಅದಕ್ಕೆ ‘ದಿಸೆರ್ತಾಸಿಯೋಂ’ ಅನ್ನುತ್ತಾರೆ. ಮೊದಲು ವಿಷಯದೊಳಗಿನ ತೊಡಕನ್ನು ಪ್ರಶ್ನೆಯಾಗಿ ಎತ್ತಬೇಕು, ಒಂದು ನಿಲುವಿನ ಪರವಾಗಿ ವಾದಿಸಬೇಕು, ಅದನ್ನೇ ಎದುರು ಹಾಕಿಕೊಳ್ಳಬೇಕು, ಕೊನೆಗೆ ಎರಡನ್ನೂ ದಾಟಿದ ಜಾಗಕ್ಕೆ ಬರಬೇಕು. ನಾನು ಮಾಹಿತಿಯನ್ನೆಲ್ಲ ಸುರಿದು ಬರೆದ ಮೊದಲ ಪ್ರಬಂಧಕ್ಕೆ 20ಕ್ಕೆ 8 ಬಂತು. ಅದು ನ್ಯಾಯವಾದ ಅಂಕ. ಅಲ್ಲಿ 10 ಅಂದರೆ ಪಾಸು, 14 ಅಂದರೆ ಚೆನ್ನಾಗಿದೆ, 16 ಬಂದರೆ ಹಬ್ಬ. ವರ್ಷದ ಕೊನೆಗೆ ನನಗೆ 13 ಬಂದ ದಿನ, ಪಿಯುಸಿಯ 98ಕ್ಕೆ ಆಗಿರದಷ್ಟು ಸಂತೋಷವಾಯಿತು. ಆ ಮೂರು ಪುಟದಲ್ಲಿ ನನ್ನದೇ ಯೋಚನೆ ಇತ್ತು.

ಈಗ ಟುಲೂಸಿನ ಉಚ್ಚಾರಕ್ಕೆ ಬರುತ್ತೇನೆ. ಹೇಳಬೇಕೆಂದಿರುವ ಮಾತಿನ ಬೇರು ಅಲ್ಲೇ ಇದೆ.

ನಾವು ಕನ್ನಡದವರು ಪದವನ್ನು ವ್ಯಂಜನದ ಮೇಲೆ ನಿಲ್ಲಿಸುವುದಿಲ್ಲ. ಬಸ್ಸು, ಕಾರು, ಟೇಬಲ್ಲು. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವಾಗ ನನ್ನ ಈ ಬಾಲವನ್ನು ಕತ್ತರಿಸಲು ತುಂಬ ಬೆವರು ಹರಿದಿತ್ತು. ಪದದ ಕೊನೆಯ ‘e’ ಅಕ್ಷರವನ್ನು ನುಂಗಬೇಕು, ಪ್ಯಾರಿಸ್ಸಿನವರ ಹಾಗೆ ಥಟ್ಟನೆ ನಿಲ್ಲಿಸಬೇಕು. ಟುಲೂಸಿನವರು ಅದನ್ನು ನುಂಗುವುದಿಲ್ಲ! ಅವರ ಊರಿನ ಹೆಸರನ್ನೇ ‘ತುಲೂಜ’ ಅಂತ ಮೂರು ಹೆಜ್ಜೆಯಾಗಿ ಹೇಳುತ್ತಾರೆ. ರೊಟ್ಟಿಗೆ ಪ್ಯಾರಿಸ್ಸಿನವರು ಮೂಗಿನಲ್ಲಿ ‘ಪ್ಯಾಂ’ ಅಂದರೆ, ಇವರದು ‘ಪೇಂಗ್’. ಮೊದಲ ತಿಂಗಳು ತರಕಾರಿ ಮಾರುಕಟ್ಟೆಯಲ್ಲಿ ನಿಂತು ಕೇಳುತ್ತಿದ್ದರೆ, ನಮ್ಮೂರ ಸಂತೆಯ ಲಯವನ್ನೇ ಫ್ರೆಂಚಿಗೆ ತೊಡಿಸಿದ ಹಾಗಿತ್ತು. ಮಾತಿನ ಕೊನೆ ತೆರೆದೇ ಇರುತ್ತದೆ, ಕೇಳುವವರು ಒಳಗೆ ಬರಲಿ ಅಂತ.

ಇದೆಲ್ಲಿಂದ ಬಂತು ಅನ್ನುವುದನ್ನು ನನಗೆ ತಿಳಿಸಿದ್ದು ಕ್ಲಾಸಿಗಿಂತ ಹೆಚ್ಚಾಗಿ ಒಬ್ಬ ಅಜ್ಜಿ. ಫ್ರಾನ್ಸಿನಲ್ಲಿ 2018ರ ಕಾನೂನೊಂದು ಅರವತ್ತು ದಾಟಿದವರು ಮೂವತ್ತರೊಳಗಿನವರಿಗೆ ಮನೆಯ ಒಂದು ಕೋಣೆಯನ್ನು ಕಡಿಮೆ ಬಾಡಿಗೆಗೆ ಕೊಡುವ ಪದ್ಧತಿಗೆ ಕರಾರಿನ ರೂಪ ಕೊಟ್ಟಿದೆ. ಬದಲಿಗೆ ನಾವು ರಾತ್ರಿ ಮನೆಯಲ್ಲಿರಬೇಕು, ಸಣ್ಣಪುಟ್ಟ ಕೆಲಸಕ್ಕೆ ಕೈಜೋಡಿಸಬೇಕು. ಒಂಬತ್ತು ಚದರ ಮೀಟರಿನ ವಿದ್ಯಾರ್ಥಿ ಕೋಣೆಯಲ್ಲಿ ಒಂದು ವರ್ಷ ಕಳೆದ ಮೇಲೆ ನಾನು ಸೇಂ ಸಿಪ್ರಿಯಾಂ ಬಡಾವಣೆಯ ಅಂಥ ಮನೆಗೆ ಹೋದೆ. ಮನೆಯಾಕೆಗೆ ಎಂಬತ್ತಾರು ವರ್ಷ, ಟುಲೂಸಿನ ಹತ್ತಿರದ ‘ಲೋರಾಗೆ’ ಅನ್ನುವ ಸೀಮೆಯ ರೈತರ ಮಗಳು. ನಾಲ್ಕು ತಿಂಗಳು ಇಬ್ಬರೂ ‘ವೂ’ ಅಂತ ಬಹುವಚನದಲ್ಲೇ ಮಾತಾಡಿದೆವು. ಒಂದು ಸಂಜೆ ಅವರೇ "ಇನ್ನು ತ್ಯು ಅನ್ನೋಣ, ನನ್ನನ್ನ ಮಾಮೀ ಅನ್ನು" ಅಂದರು. ಮಾಮೀ ಅಂದರೆ ಅಜ್ಜಿ. ಏಕವಚನಕ್ಕೆ ಕಾಯುವುದರಲ್ಲಿ ಎಂಥ ಗೌರವ ಇದೆ ಅಂತ ಅವತ್ತು ಗೊತ್ತಾಯಿತು. ಅವ್ವನನ್ನೂ ದೇವರನ್ನೂ ನೀನು ಅನ್ನುವ ನಾಡಿನವಳು ನಾನು. ಫ್ರೆಂಚರು ದೇವರನ್ನು ಪ್ರಾರ್ಥನೆಯಲ್ಲಿ ‘ವೂ’ ಅನ್ನುವುದು ಬಿಟ್ಟು ‘ತ್ಯು’ ಅನ್ನತೊಡಗಿದ್ದು 1966ರಲ್ಲಿ ಅಂತ ಹೇಳಿ ಮಾಮೀ ನಕ್ಕರು. ಅವರಿಗೆ ಇನ್ನೂ ಹಳೆಯದೇ ಬಾಯಿಗೆ ಬರುತ್ತಿತ್ತು.

ನಾನು ಊರಿಂದ ತಂದ ರಾಗಿಹಿಟ್ಟಿನಲ್ಲಿ ಒಂದು ಭಾನುವಾರ ಮುದ್ದೆ ಮಾಡಿದೆ. ಮಾಮೀ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ನಾನು ಮರದ ಸೌಟಿನಲ್ಲಿ ಹಿಟ್ಟು ತೊಳಸುವುದನ್ನು ಕಂಡು "ಮಿಯಾಸ್!" ಅಂದರು. ಅವರ ಬಾಲ್ಯದಲ್ಲಿ ಚಳಿಗಾಲಕ್ಕೆ ದೊಡ್ಡ ಕೊಪ್ಪರಿಗೆಯಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಕೋಲಿನಿಂದ ತಿರುವಿ ತಿರುವಿ ಗಟ್ಟಿ ಮಾಡುತ್ತಿದ್ದರು, ಬಟ್ಟೆಯ ಮೇಲೆ ಸುರಿದು ಆರಿಸಿ ತುಂಡು ಮಾಡುತ್ತಿದ್ದರು. ಅಮೆರಿಕದಿಂದ ಮೆಕ್ಕೆಜೋಳ ಬರುವ ಮುಂಚೆ ಅದನ್ನು ಸಿರಿಧಾನ್ಯದಲ್ಲಿ ಮಾಡುತ್ತಿದ್ದರು, ಹೆಸರು ಹುಟ್ಟಿದ್ದೂ ಸಿರಿಧಾನ್ಯದ ಹೆಸರಿನಿಂದಲೇ. ನನ್ನ ಮುದ್ದೆಯನ್ನು ಅವರು ಬೆಣ್ಣೆ ಹಚ್ಚಿ ತಿಂದರು. ತಿನ್ನುತ್ತಾ ಒಂದು ಹಾಡಿನ ತುಣುಕು ಗುನುಗಿದರು, ಫ್ರೆಂಚ್ ಆಗಿರಲಿಲ್ಲ. ಯಾವ ಭಾಷೆ ಅಂತ ಕೇಳಿದೆ. "ಭಾಷೆ ಅಲ್ಲ, ಪಾತ್ವಾ" ಅಂದರು. ಪಾತ್ವಾ ಅಂದರೆ ಗೊಡ್ಡು ಆಡುಮಾತು.

ಅದು ಆಕ್ಸಿತಾನ್, ದಕ್ಷಿಣ ಫ್ರಾನ್ಸಿನ ಹಳೆಯ ನುಡಿ. ಟುಲೂಸಿನ ಆ ಉಚ್ಚಾರ ಬಂದದ್ದು ಇದರಿಂದಲೇ. ಮಧ್ಯಯುಗದಲ್ಲಿ ಇಡೀ ಯೂರೋಪಿಗೆ ಪ್ರೇಮಕಾವ್ಯದ ದಾರಿ ತೋರಿದ ತ್ರುಬದೂರ್ ಕವಿಗಳ ನುಡಿ. 1323ರಲ್ಲಿ ಟುಲೂಸಿನ ಏಳು ಜನ ಸೇರಿ ಆ ಕಾವ್ಯಕ್ಕಾಗಿ ಕಟ್ಟಿದ ಕೂಟ ಇವತ್ತಿಗೂ ನಡೆದುಬಂದಿದೆ. ಅಂಥ ನುಡಿಯನ್ನು ಅದರದೇ ಮಗಳು ‘ಭಾಷೆ ಅಲ್ಲ’ ಅಂದದ್ದು ನನ್ನನ್ನು ಕಲಕಿತು. ಅದರ ಹಿಂದಿನ ಕಥೆಯನ್ನು ಆ ವರ್ಷ ಓದಿದೆ. 1539ರಲ್ಲಿ ದೊರೆ ಮೊದಲನೇ ಫ್ರಾನ್ಸ್ವಾ ಕೋರ್ಟು ಕಚೇರಿಯ ಕಾಗದಗಳೆಲ್ಲ ಫ್ರೆಂಚಿನಲ್ಲಿರಬೇಕು ಅಂತ ಆಜ್ಞೆ ಹೊರಡಿಸಿದ. 1635ರಲ್ಲಿ ಭಾಷೆಗೆ ನಿಯಮ ಹಾಕುವ ಅಕಾಡೆಮಿ ಹುಟ್ಟಿತು. ಕ್ರಾಂತಿ ಬಂದ ಮೇಲೆ, 1794ರಲ್ಲಿ, ಗ್ರೆಗ್ವಾರ್ ಅನ್ನುವ ಪಾದ್ರಿ ಸಂಸತ್ತಿನ ಮುಂದೆ ವರದಿಯಿಟ್ಟ: ದೇಶದಲ್ಲಿ ಶುದ್ಧವಾಗಿ ಫ್ರೆಂಚ್ ಮಾತಾಡುವವರು ಮೂವತ್ತು ಲಕ್ಷ ದಾಟುವುದಿಲ್ಲ, ಅರವತ್ತು ಲಕ್ಷ ಜನಕ್ಕೆ ಅದು ಬರುವುದೇ ಇಲ್ಲ, ಆದ್ದರಿಂದ ಪಾತ್ವಾಗಳನ್ನು ನಾಶಮಾಡಬೇಕು. ವರದಿಯ ತಲೆಬರಹದಲ್ಲೇ ಆ ‘ನಾಶ’ ಅನ್ನುವ ಪದ ಇದೆ. ಜನರನ್ನು ದೊರೆಯಿಂದ ಬಿಡಿಸಿದ ಕ್ರಾಂತಿ ಅದೇ ಜನರ ನಾಲಿಗೆಯನ್ನು ಕಟ್ಟಲು ಹೊರಟಿತ್ತು. 1881–82ರಲ್ಲಿ ಶಾಲೆ ಉಚಿತವೂ ಕಡ್ಡಾಯವೂ ಆದಾಗ ಆ ಕೆಲಸ ತರಗತಿಗೆ ಬಂತು. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೈಗೆ ಒಂದು ಮರದ ತುಂಡು ಕೊಡುತ್ತಿದ್ದರು. ಆ ಮಗು ಆಡುಮಾತು ಆಡುವ ಇನ್ನೊಂದು ಮಗುವನ್ನು ಹಿಡಿದು ಅದನ್ನು ದಾಟಿಸಬೇಕು. ಸಂಜೆ ಯಾರ ಹತ್ತಿರ ಉಳಿಯುತ್ತದೋ ಅವರಿಗೆ ಶಿಕ್ಷೆ. ಮಾಮೀಯ ಅಪ್ಪ ಆ ತುಂಡನ್ನು ಹಿಡಿದವರು. ಅವರು ಎತ್ತುಗಳ ಜೊತೆ ಆಕ್ಸಿತಾನ್ ಮಾತಾಡುತ್ತಿದ್ದರು, ಮಕ್ಕಳ ಜೊತೆ ಫ್ರೆಂಚ್.

ಇದನ್ನು ಕೇಳಿದ ರಾತ್ರಿ ನನಗೆ ಹಾಸ್ಟೆಲ್ ನೆನಪಾಯಿತು. ಅಕ್ಕಿ ಅನ್ನು, ಹಕ್ಕಿ ಅನ್ನು. ನಮಗೆ ಯಾರೂ ಮರದ ತುಂಡು ಕೊಟ್ಟಿರಲಿಲ್ಲ, ಆದರೆ ನಾನು ಹಕಾರ ಕಲಿತ ಮೇಲೆ ಊರಿಂದ ಬಂದ ಜೂನಿಯರ್ ಹುಡುಗಿಯೊಬ್ಬಳ ‘ಆಸ್ಟೆಲ್’ ಕೇಳಿ ಮಿಕ್ಕವರ ಜೊತೆ ನಾನೂ ನಕ್ಕಿದ್ದೆ. ನಾನು ಅವಳಿಗೆ ದಾಟಿಸಿದ್ದು ಅದೇ ತುಂಡು. ಅವಳು ಇದನ್ನು ಓದುತ್ತಿದ್ದರೆ, ಕ್ಷಮಿಸು.

ಭಾಷಾವಿಜ್ಞಾನದ ತರಗತಿಯಲ್ಲಿ ಮುಂದೆ ಇನ್ನೊಂದು ಕಿಟಕಿ ತೆರೆಯಿತು. ಗರೋನಿನ ಪಶ್ಚಿಮಕ್ಕೆ ಗಾಸ್ಕೋನ್ ಅನ್ನುವ ಆಕ್ಸಿತಾನ್ ಬಗೆ ಇದೆ. ಲ್ಯಾಟಿನ್ನಿನ ‘ಫ’ ಅಲ್ಲಿ ‘ಹ’ ಆಗುತ್ತದೆ. ಹಬ್ಬಕ್ಕೆ ಮಿಕ್ಕ ಕಡೆ ‘ಫೆಸ್ತ’ ಅಂದರೆ ಅವರಲ್ಲಿ ‘ಹೆಸ್ತ’. ನನಗೆ ತಕ್ಷಣ ಹೊಳೆದದ್ದು ನಮ್ಮದು: ಹಳಗನ್ನಡದ ಪಾಲ್ ಹಾಲಾಯಿತು, ಪೋಗು ಹೋಗು ಆಯಿತು, ಪಕ್ಕಿ ಹಕ್ಕಿಯಾಯಿತು. ಪಕಾರ ಸವೆದು ಹಕಾರವಾದದ್ದನ್ನು ಭಾಷೆಯ ಬೆಳವಣಿಗೆ ಅಂತ ಎಲ್ಲರೂ ಓದುತ್ತೇವೆ. ಆ ಹಕಾರ ಇನ್ನೂ ಒಂದು ಹೆಜ್ಜೆ ಸವೆದು ನಮ್ಮ ಮಂಡ್ಯದಲ್ಲಿ ‘ಆಲು’ ಆದರೆ ಮಾತ್ರ ಅದು ಅಶುದ್ಧ. ಲ್ಯಾಟಿನ್ ಆಡುಮಾತಿನಲ್ಲಿ ಹಕಾರ ಸವೆದದ್ದರಿಂದಲೇ ಫ್ರೆಂಚಿಗೆ ಆ ‘ಓತೆಲ್’ ಸಿಕ್ಕಿದ್ದು. ದನಿ ಸವೆಯುವ ರೀತಿ ಎರಡೂ ಕಡೆ ಒಂದೇ. ಯಾವುದು ನಾಜೂಕು, ಯಾವುದು ಹಳ್ಳಿಗಮಾರ ಅನ್ನುವುದನ್ನು ನಿರ್ಧರಿಸಿದ್ದು ರಾಜಧಾನಿ.

ಫ್ರಾನ್ಸ್ ಈ ವಿಷಯದಲ್ಲಿ ಪೂರಾ ಬದಲಾಗಿದೆ ಅಂತ ಹೇಳಲಾರೆ. ಟುಲೂಸ್ ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಫ್ರೆಂಚಿನಲ್ಲಿ ಹೇಳಿ ಆಮೇಲೆ ಆಕ್ಸಿತಾನಿನಲ್ಲೂ ಹೇಳುತ್ತಾರೆ, ಬೀದಿ ಫಲಕಗಳಲ್ಲೂ ಎರಡು ನುಡಿ. ನಮ್ಮ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಸಮಾಜವಾದಿ ನಾಯಕ ಜೋರೆಸ್ ಹತ್ತಿರದ ಕಾಸ್ತ್ರ್ ಊರಿನವರು, ಆಕ್ಸಿತಾನ್ ಬಲ್ಲವರು. ಶಾಲೆಯಲ್ಲಿ ಪ್ರದೇಶಭಾಷೆಗಳನ್ನೂ ಕಲಿಸಬೇಕು ಅಂತ 1911ರಲ್ಲೇ ಬರೆದಿದ್ದರು. ಅದಾಗಿ ನೂರಹತ್ತು ವರ್ಷಕ್ಕೆ, 2021ರ ಏಪ್ರಿಲಿನಲ್ಲಿ, ಸಂಸತ್ತು ಅಂಥದೊಂದು ಕಾನೂನು ಮಾಡಿತು. ಮುಂದಿನ ತಿಂಗಳೇ ಸಂವಿಧಾನ ಮಂಡಳಿ, ಪ್ರದೇಶಭಾಷೆಯ ಮಾಧ್ಯಮದಲ್ಲೇ ಪಾಠ ಮಾಡುವ ಭಾಗವನ್ನು ತಳ್ಳಿಹಾಕಿತು. ಗಣರಾಜ್ಯದ ಭಾಷೆ ಫ್ರೆಂಚ್ ಅಂತ 1992ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮಾತೇ ಅಡ್ಡ ಬಂತು. 2018ರಲ್ಲಿ ಟುಲೂಸಿನ ಉಚ್ಚಾರದ ಪತ್ರಕರ್ತೆಯೊಬ್ಬರು ಪ್ರಶ್ನೆ ಕೇಳಿದಾಗ ದೊಡ್ಡ ರಾಜಕಾರಣಿಯೊಬ್ಬರು ಆಕೆಯ ದನಿಯನ್ನು ಅಣಕಿಸಿ, ಯಾರಾದರೂ ಫ್ರೆಂಚಿನಲ್ಲಿ ಕೇಳಿ ಅಂದಿದ್ದರು. 2020ರ ನವೆಂಬರಿನಲ್ಲಿ ಕೆಳಮನೆ, ಉಚ್ಚಾರದ ಮೇಲೆ ತಾರತಮ್ಯ ಮಾಡಬಾರದು ಅನ್ನುವ ಮಸೂದೆಯನ್ನು ಒಪ್ಪಿತು. ಅಷ್ಟರಮಟ್ಟಿಗೆ ಅದು ಚರ್ಚೆಯ ವಿಷಯವಾದರೂ ಆಗಿದೆ. ನಮ್ಮಲ್ಲಿ ಇದು ಇವತ್ತಿಗೂ ಟೀವಿ ಕಾಮಿಡಿ.

ಇನ್ನು ಹೋಗಬೇಕೆನ್ನುವವರಿಗೆ. 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುತ್ತೇವೆ ಅಂತ ಫ್ರಾನ್ಸ್ ಹೇಳಿದೆ, ಫ್ರೆಂಚ್ ಬಾರದವರಿಗೆ ಒಂದು ವರ್ಷ ಭಾಷೆ ಕಲಿಸಿ ಡಿಗ್ರಿಗೆ ಸೇರಿಸುವ ತರಗತಿಗಳೂ ಬಂದಿವೆ. ಒಳ್ಳೆಯದೇ. ಆದರೆ ನಾನು ಕಂಡ ಎಷ್ಟೋ ನಮ್ಮ ಹುಡುಗರು ಇಂಗ್ಲಿಷ್ ಮಾಧ್ಯಮದ ಕೋರ್ಸಿಗೆ ಲಕ್ಷಗಟ್ಟಲೆ ಸಾಲ ತಂದು, ನಾಲ್ಕು ಜನ ಭಾರತೀಯರೇ ಒಂದು ಮನೆ ಮಾಡಿ, ಎರಡು ವರ್ಷದ ಮೇಲೂ ಔಷಧಿ ಅಂಗಡಿಯಲ್ಲಿ ಫೋನಿನ ಅನುವಾದ ತೋರಿಸುತ್ತಿದ್ದರು. ಅವರಿಗೆ ಸಿಕ್ಕಬಹುದಾಗಿದ್ದು ಬೇರೆ, ಸಿಕ್ಕಿದ್ದು ಬೇರೆ ಅಂತ ಸಂಕಟವಾಗುತ್ತದೆ. ಪ್ಯಾರಿಸ್ಸೇ ಆಗಬೇಕೆಂದು ಹಟ ಹಿಡಿಯಬೇಡಿ. ಟುಲೂಸ್, ಗ್ರೆನೋಬ್ಲ್, ಬೆಸಾಂಸೋಂ, ಮೋಂಪೆಲಿಯೆ ಥರದ ಊರುಗಳಲ್ಲಿ ವಿದೇಶಿಯರಿಗೆ ಫ್ರೆಂಚ್ ಕಲಿಸುವ ಹಳೆಯ, ಒಳ್ಳೆಯ ವಿಭಾಗಗಳಿವೆ, ಬಾಡಿಗೆಯೂ ಕಡಿಮೆ. ನಾನಿದ್ದಾಗ ವೀಸಾಕ್ಕೆ ತಿಂಗಳಿಗೆ 615 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕಿತ್ತು, ವಿದ್ಯಾರ್ಥಿ ಕ್ಯಾಂಟೀನಿನಲ್ಲಿ ಪೂರ್ತಿ ಊಟಕ್ಕೆ 3.30 ಯೂರೋ. ಮನೆ ಹಿಡಿಯಲು ಅಲ್ಲಿನ ಜಾಮೀನುದಾರರು ಬೇಕು ಅನ್ನುತ್ತಾರೆ, ಹೆದರಬೇಡಿ, ವಿಸಾಲ್ ಅನ್ನುವ ಉಚಿತ ಜಾಮೀನು ವ್ಯವಸ್ಥೆ ವಿದ್ಯಾರ್ಥಿಗಳಿಗೂ ಇದೆ. ಸಾಧ್ಯವಾದರೆ ನನ್ನ ಹಾಗೆ ಹಿರಿಯರ ಮನೆಯಲ್ಲಿರಿ. ನನ್ನ ಫ್ರೆಂಚ್ ಅರ್ಧ ಬಂದದ್ದು ಆ ಅಡುಗೆಮನೆಯಲ್ಲಿ.

ತಂಗೀ, ನಿನಗೆ ನನ್ನ ಉತ್ತರ: ಅಂಕಕ್ಕಾದರೆ ಬೇಡ, ಕನ್ನಡ ತಗೋ. ಅಂಕ ನಾಲ್ಕು ಕಡಿಮೆ ಬರಲಿ. ಫ್ರೆಂಚ್ ಬೇಕೇಬೇಕು ಅನ್ನಿಸಿದರೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸಿಗೆ ಸಂಜೆ ಹೋಗು, ಮಾತಾಡು, ತಪ್ಪು ಮಾಡು, ಆಮೇಲೆ ನಾನೇ ನಿನ್ನನ್ನು ಟುಲೂಸಿಗೆ ಕಳಿಸುತ್ತೇನೆ. ಎರಡೂ ಭಾಷೆ ನಿನ್ನವಾಗಲಿ. ಮತ್ತೆ ಹಾಸ್ಟೆಲ್ಲಿನಲ್ಲಿ ಯಾರಾದರೂ ಹಕ್ಕಿ ಅನ್ನು ಅಂದರೆ ಆ ರಾತ್ರಿಯೇ ನನಗೆ ಫೋನ್ ಮಾಡು.

ಟುಲೂಸ್ ಬಿಡುವ ಹಿಂದಿನ ದಿನ ಮಾಮೀ ಕಾಫಿ ಮಾಡಿದ್ದರು. ಅಷ್ಟು ಹೊತ್ತಿಗೆ ಅವರು ನನ್ನೊಡನೆ ಆಗಾಗ ಆಕ್ಸಿತಾನ್ ಪದಗಳನ್ನು ಹೇಳುತ್ತಿದ್ದರು, ಪಾತ್ವಾ ಅನ್ನುವುದನ್ನು ಬಿಟ್ಟಿದ್ದರು. ಅವರ ನುಡಿಗೆ ‘ಓಕ್’ ಅನ್ನುವ ಪದದಿಂದಲೇ ಹೆಸರು ಬಂದಿದೆ, ಓಕ್ ಅಂದರೆ ಹೌದು. ಉತ್ತರದವರು ‘ವೀ’ ಅನ್ನುವಲ್ಲಿ ದಕ್ಷಿಣದವರು ಓಕ್ ಅನ್ನುತ್ತಿದ್ದರು, ಸೀಮೆಗೇ ಲಾಂಗ್‌ದೋಕ್, ಓಕ್ ನುಡಿ, ಅಂತ ಹೆಸರಾಯಿತು. "ನಿಮ್ಮ ಭಾಷೆಯಲ್ಲಿ ಓಕ್‌ಗೆ ಏನನ್ನುತ್ತೀರಿ?" ಅಂತ ಕೇಳಿದರು.

"ಹೌದು" ಅಂದೆ. ಅವರು ಎಷ್ಟು ಸಲ ಪ್ರಯತ್ನಿಸಿದರೂ ಮೊದಲ ಅಕ್ಷರ ಗಂಟಲಲ್ಲೇ ಉಳಿಯಿತು. ಎಂಬತ್ತೇಳನೇ ವಯಸ್ಸಿಗೆ ಹಕಾರ ಎಲ್ಲಿಂದ ಬರಬೇಕು?

"ನಮ್ಮೂರಲ್ಲಿ ಬೇರೆ ಥರ ಅಂತೀವಿ" ಅಂದೆ. "ಔದು."

"ಔದು" ಅಂದರು ಮಾಮೀ. ಅವ್ವನ ಬಾಯಿಂದ ಬಂದ ಹಾಗೇ ಇತ್ತು. ಕಾಫಿ ಲೋಟ ಕೆಳಗಿಟ್ಟು ಇನ್ನೆರಡು ಸಲ ಹೇಳಿ ನೋಡಿದರು. ಔದು. ಔದು.